ಪುಟ್ಟಿ ನೀರಿಗೆ ಇಳಿದ ಕಥೆ

ಕಳೆದ ವನಭೋಜನದ ದಿನ ನಮ್ಮ ಪುಟ್ಟಿ ಈಜುಕೊಳದ ಈ ದಡದಿಂದ ಆ ದಡಕ್ಕೆ ಕಪ್ಪೆಮರಿಯ ಹಾಗೆ ಈಜಿದ್ದನ್ನು ಕಂಡ ಗೆಳೆಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಎರಡು ವರ್ಷದ ಮಗ ಬಾತ್‌ಟಬ್ಬಿನ ಹತ್ತಿರವೂ ಸುಳಿಯುವುದಿಲ್ಲವಂತೆ. "ಏನಾದರೂ ಉಪಾಯ ಇದ್ದರೆ ಹೇಳಿ" ಎಂದರು. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಹೇಳಿ ಮುಗಿಸುವ ಕಥೆ ಅದಲ್ಲ. ಆದ್ದರಿಂದ ಸಂಪಾದಕರನ್ನು ಕಾಡಿ ಬೇಡಿ ಎರಡು ಪುಟ ಪಡೆದಿದ್ದೇವೆ.

2023ರ ಬೇಸಿಗೆ ನಮ್ಮ ಫೀನಿಕ್ಸ್‌ನವರಿಗೆಲ್ಲ ನೆನಪಿರಲೇಬೇಕು. ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ 110 ಡಿಗ್ರಿ ಅಥವಾ ಅದಕ್ಕೂ ಮೇಲೆ. ಊರಿಗೆ ಫೋನು ಮಾಡಿದಾಗ ಹೇಳುವ ಲೆಕ್ಕದಲ್ಲಿ 43. ಪಾರ್ಕಿನ ಜಾರುಬಂಡೆಯ ಮೇಲೆ ದೋಸೆ ಹುಯ್ಯಬಹುದಿತ್ತು. ಎರಡೂವರೆ ವರ್ಷದ ಮಗುವನ್ನು ನಾಲ್ಕು ಗೋಡೆಗಳ ನಡುವೆ ಎಷ್ಟು ದಿನ ಕೂಡಿಹಾಕುವುದು? ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳವೊಂದೇ ಗತಿ.

ಮೊದಲ ದಿನ ಪುಟ್ಟಿ ಖುಷಿಯಾಗಿಯೇ ಇಳಿದಳು. ಎರಡನೆಯ ಮೆಟ್ಟಿಲಲ್ಲಿ ಕಾಲು ಜಾರಿ ಮುಳುಗಿದಳು. ಎರಡು ಸೆಕೆಂಡು ಇರಬಹುದು, ಎತ್ತಿಕೊಂಡೆವು. ಅವಳು ಕೆಮ್ಮಿದಳು, ಅಷ್ಟೆ. ಕಿರುಚಿದವರು ನಾವು. ನಮ್ಮ ಕಿರುಚಾಟ ಕೇಳಿದ ಮೇಲೆ ಅವಳು ಅಳಲು ಶುರು ಮಾಡಿದ್ದು. ಅಂದಿನಿಂದ ಕೊಳದ ಗೇಟು ಕಂಡರೆ ಕೊರಳು ತಬ್ಬಿಕೊಳ್ಳುವಳು. ತಲೆಗೆ ನೀರು ಹಾಕಿದರೆ ಅಕ್ಕಪಕ್ಕದವರು ಪೊಲೀಸರಿಗೆ ಫೋನು ಮಾಡಿಯಾರು ಎನ್ನುವಂಥ ರಂಪ.

ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ತೀರ್ಥಹಳ್ಳಿ ಪಕ್ಷವನ್ನು ಚಿಕ್ಕಂದಿನಲ್ಲಿ ಸೋದರಮಾವನೇ ಬಾಳೆದಿಂಡಿನ ಜೊತೆ ತುಂಗೆಗೆ ನೂಕಿದ್ದು. "ಹಾಗೆಯೇ ಈಜು ಬಂತು. ಇವಳನ್ನೂ ಒಂದು ಸಲ ಹಾಕಿಬಿಡೋಣ" ಎಂಬುದು ಆ ಪಕ್ಷದ ವಾದ. ಚಳ್ಳಕೆರೆ ಪಕ್ಷಕ್ಕೆ ನೀರೆಂದರೆ ಕೊಡದಲ್ಲಿ ಇರಬೇಕಾದದ್ದು. ಬಾವಿ ಕಟ್ಟೆ ಹತ್ತಿರ ಹೋದರೆ ಬೆನ್ನಿಗೆ ಬೀಳುತ್ತಿತ್ತು. "ಮಗುವನ್ನು ನೂಕಿದರೆ ನಾನು ಊರಿಗೆ ಹೋಗುತ್ತೇನೆ" ಎಂದಿತು ಆ ಪಕ್ಷ. ರಾಜಿ ಮಾಡಿಕೊಂಡು ತಾಯಿ-ಮಗು ಈಜಿನ ಕ್ಲಾಸಿಗೆ ಹಣ ಕಟ್ಟಿದೆವು.

ಕ್ಲಾಸಿನಲ್ಲಿ ಚಳ್ಳಕೆರೆ ಪಕ್ಷ ಎದೆಮಟ್ಟದ ನೀರಿನಲ್ಲಿ ಪುಟ್ಟಿಯನ್ನು ಹಿಡಿದು ನಿಂತಿತು. ಪುಟ್ಟಿ ಒಂದೇ ಸಮನೆ ಚೀರಾಟ. ಹತ್ತು ನಿಮಿಷ ನೋಡಿದ ಕಲಿಸುವಾಕೆ ಹತ್ತಿರ ಬಂದು ಮಗುವನ್ನು ಮುಟ್ಟಲೇ ಇಲ್ಲ. "ಮೊದಲು ನೀವು ಉಸಿರು ಬಿಡಿ" ಎಂದಳು. ಮನೆಗೆ ಬಂದು ಬಟ್ಟೆ ಬದಲಿಸುವಾಗ ನೋಡಿದರೆ ಪುಟ್ಟಿಯ ಎರಡೂ ತೋಳಿನ ಮೇಲೆ ನಮ್ಮ ಬೆರಳುಗಳ ಕೆಂಪು ಗುರುತು. ಬಾಯಿಯಲ್ಲಿ "ಏನೂ ಆಗಲ್ಲ ಪುಟ್ಟಿ, ಏನೂ ಆಗಲ್ಲ" ಎನ್ನುತ್ತಿದ್ದೆವು. ಕೈ ಬೇರೆ ಏನನ್ನೋ ಹೇಳುತ್ತಿತ್ತು. ಮಗು ಕೈಯ ಮಾತನ್ನೇ ನಂಬಿತ್ತು.

ಆ ದಿನದಿಂದ ಕ್ಲಾಸು ನಿಲ್ಲಿಸಿ ಮನೆಯಿಂದ ಆರಂಭಿಸಿದೆವು. ಟಬ್ಬಿನಲ್ಲಿ ಎರಡು ಅಂಗುಲ ನೀರು, ಒಂದು ಹಿತ್ತಾಳೆ ಚೊಂಬು. ಗೊಂಬೆಗೆ ಎಣ್ಣೆನೀರು ಹಾಕುವುದು ಪುಟ್ಟಿಯ ಕೆಲಸ. ಕ್ರಮೇಣ ಗೊಂಬೆಯ ತಲೆ, ಅಪ್ಪನ ತಲೆ, ಕೊನೆಗೆ ತನ್ನ ತಲೆ. ಚೊಂಬು ತನ್ನ ಕೈಯಲ್ಲಿದ್ದರೆ ರಂಪವಿಲ್ಲ! ಇನ್ನೊಂದು ಸಂಗತಿ ತಿಳಿಯಲು ನಮಗೆ ಎರಡು ವಾರ ಬೇಕಾಯಿತು. ನೀರು ಸುಳಿಸುಳಿಯಾಗಿ ತೂತಿನಲ್ಲಿ ಇಳಿದುಹೋಗುವುದನ್ನು ಕಂಡು, ತಾನೂ ಅದರೊಳಗೆ ಹೋಗಿಬಿಡುತ್ತೇನೆ ಎಂದುಕೊಂಡಿದ್ದಳು. ನಗಬೇಡಿ, ಆ ವಯಸ್ಸಿನ ಮಕ್ಕಳಿಗೆ ಬಹಳ ಸಾಮಾನ್ಯವಾದ ಭಯ ಅದು. ಪ್ಲಾಸ್ಟಿಕ್ ಬಾತುಕೋಳಿಯನ್ನು ತೂತಿನ ಮೇಲಿಟ್ಟು ತೋರಿಸಿದೆವು. "ಬಾತು ಹೋಗಲಿಲ್ಲ" ಎಂದು ಮೂರು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಬಿಸಿ ಹಾಲು ಊದುವುದು ಬರುತ್ತಿತ್ತು, ಅದನ್ನೇ ನೀರಿನಲ್ಲಿ ಊದಿಸಿ ಗುಳ್ಳೆ ಎಬ್ಬಿಸಿದೆವು. ಊದುವಾಗ ನೀರು ಮೂಗಿಗೆ ನುಗ್ಗುವುದಿಲ್ಲ. ಈಜಿನ ಮೊದಲ ಪಾಠವೂ ಅದೇ.

ಅಷ್ಟರಲ್ಲಿ ಚಳ್ಳಕೆರೆಯಿಂದ ಅಜ್ಜಿ ಬಂದರು. ಸಂಜೆ ಕೊಳದ ಬಳಿ ಕರೆದೊಯ್ದೆವು. ಸೀರೆಯಲ್ಲಿ ನೀರಿಗಿಳಿಯುವಂತಿಲ್ಲ ಎಂಬ ಬೋರ್ಡು ಅಲ್ಲಿಲ್ಲದಿದ್ದರೂ ಅಜ್ಜಿಗೆ ಇಳಿಯುವ ಆಸೆಯೇನೂ ಇರಲಿಲ್ಲ. ನೆರಿಗೆ ಎತ್ತಿ ಕಟ್ಟಿ ಅಂಚಿನಲ್ಲಿ ಕುಳಿತು ಪಾದ ಇಳಿಬಿಟ್ಟರು. "ಒಳ್ಳೇ ಹಂಡೆ ನೀರಿನ ಹಂಗೈತೆ" ಎಂದರು. (ಜುಲೈನಲ್ಲಿ ನಮ್ಮ ಕೊಳಗಳಿಗೆ ಹೀಟರ್ ಬೇಕಿಲ್ಲವಷ್ಟೆ.) ಸ್ವಲ್ಪ ಹೊತ್ತಾದ ಮೇಲೆ, ಯಾರೂ ಕೇಳದೆ, ತಮ್ಮ ತಂಗಿಯ ವಿಷಯ ಹೇಳಿದರು. ಏಳು ವರ್ಷದವಳು. ಮೆಟ್ಟಿಲಬಾವಿಯಲ್ಲಿ ಪಾಚಿಯ ಮೇಲೆ ಕಾಲು ಜಾರಿತಂತೆ. ಕೊಡ ತೇಲುತ್ತಿತ್ತಂತೆ. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಅಜ್ಜಿಗೆ ಆಗ ಹತ್ತು ವರ್ಷ. ಬಾವಿ ಕಟ್ಟೆಗೆ ಹೋದರೆ ಬೆನ್ನಿಗೆ ಏಕೆ ಬೀಳುತ್ತಿತ್ತು ಎಂಬುದು ಚಳ್ಳಕೆರೆ ಪಕ್ಷಕ್ಕೆ ಗೊತ್ತಾದದ್ದು ಅಂದು, ಫೀನಿಕ್ಸಿನ ಈಜುಕೊಳದ ಅಂಚಿನಲ್ಲಿ.

ಪುಟ್ಟಿಗೆ ಇದೊಂದೂ ಅರ್ಥವಾಗಿರಲಾರದು. ಅಜ್ಜಿಯ ಪಕ್ಕ ಕುಳಿತು ತಾನೂ ಕಾಲು ಇಳಿಬಿಟ್ಟಳು. ಎಂಟು ಸಂಜೆ ಬರೀ ಕಾಲು. ನಾವು "ಇಳಿ" ಎನ್ನಲಿಲ್ಲ. ಆ ಎಂಟು ಸಂಜೆ ಚಳ್ಳಕೆರೆ ಪಕ್ಷ ಕೊಳದ ಆಚೆ ತುದಿಯಲ್ಲಿ ತೀರ್ಥಹಳ್ಳಿ ಪಕ್ಷದಿಂದ ತೇಲುವುದನ್ನು ಕಲಿಯುತ್ತಿತ್ತು. ಮೂವತ್ತೆಂಟನೆಯ ವಯಸ್ಸಿನಲ್ಲಿ, ಹತ್ತಾರು ಹದಿಹರೆಯದವರ ಎದುರಿಗೆ. ಮೂಗಿಗೆ ನೀರು ಹೋಗಿ ಸೀನಿದರೆ ಪುಟ್ಟಿಗೆ ನಗು. ಒಂಬತ್ತನೆಯ ಸಂಜೆ ಮೊದಲ ಮೆಟ್ಟಿಲ ಮೇಲೆ ನಿಂತು "ಅಮ್ಮ, ಊದು" ಎಂದು ಆಜ್ಞೆ ಮಾಡಿದಳು. ಹದಿನೈದು ದಿನದಲ್ಲಿ ಅವಳನ್ನು ನೀರಿನಿಂದ ಹೊರಗೆ ತೆಗೆಯುವುದೇ ಜಗಳವಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಗೆಳೆಯರ ಪ್ರಶ್ನೆಗೆ ಉತ್ತರವಾಗುತ್ತಿತ್ತು. ಆದರೆ ಮುಖ್ಯವಾದದ್ದು ಇನ್ನೂ ಬಾಕಿಯಿದೆ.

ಅದೇ ಸೆಪ್ಟೆಂಬರಿನ ಲೇಬರ್ ಡೇ ರಜೆಯಲ್ಲಿ ಪರಿಚಿತರ ಹಿತ್ತಲಿನಲ್ಲಿ ಒಂದು ಮಧ್ಯಾಹ್ನ. ಊಟಕ್ಕೆಂದು ಪುಟ್ಟಿಯ ತೋಳಿನ ಗಾಳಿಚೀಲ ಬಿಚ್ಚಿದ್ದೆವು. ಕೊಳದ ಸುತ್ತ ಹನ್ನೆರಡು ಜನ ದೊಡ್ಡವರು, ಬಿಸಿಬೇಳೆಬಾತು, ಕ್ರಿಕೆಟ್ಟು. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಂಡಿದ್ದೆವು. ಹತ್ತು ವರ್ಷದ ಹುಡುಗನೊಬ್ಬ ಧುಮುಕಿದ ಸದ್ದು ಕೇಳಿ ತಿರುಗಿದಾಗ ಅವನ ಕೈಯಲ್ಲಿ ನಮ್ಮ ಪುಟ್ಟಿ. ಅವಳು ಬಿದ್ದಿರಲಿಲ್ಲ. ತಾನಾಗಿ, ಸಂತೋಷವಾಗಿ, ನಡೆದು ಹೋಗಿದ್ದಳು. ಚೀಲ ತೇಲಿಸುತ್ತಿತ್ತೆಂದು ಅವಳಿಗೇನು ಗೊತ್ತು? ತಾನೇ ತೇಲುತ್ತಿದ್ದೆನೆಂದು ತಿಳಿದಿದ್ದಳು. ಒಂದು ಚಪ್ಪಾಳೆಯಷ್ಟು ಸದ್ದೂ ಆಗಿರಲಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಮುಳುಗುವವರು ಕೂಗುವುದಿಲ್ಲ. ಉಸಿರಿಗೇ ಅವಕಾಶವಿಲ್ಲದಿರುವಾಗ ಕೂಗು ಎಲ್ಲಿಂದ ಬರಬೇಕು?

ಜೂನ್‌ನಲ್ಲಿ ಅವಳನ್ನು ಕಾಯುತ್ತಿದ್ದದ್ದು ಅವಳ ಭಯ. ಅದನ್ನು ಕಷ್ಟಪಟ್ಟು ನಾವೇ ತೆಗೆದುಹಾಕಿ, ಆ ಜಾಗದಲ್ಲಿ ಯಾರನ್ನೂ ನಿಲ್ಲಿಸಿರಲಿಲ್ಲ.

ಆಮೇಲೆ ಓದಿ ತಿಳಿದದ್ದು: ಈ ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳು ಬೇರಾವ ಕಾರಣಕ್ಕಿಂತ ಹೆಚ್ಚಾಗಿ ಸಾಯುವುದು ನೀರಿನಲ್ಲಿ ಮುಳುಗಿ. ಒಂದು ವರ್ಷ ತುಂಬಿದ ಮೇಲೆ ಈಜು ಕಲಿಸಬಹುದು ಎಂದು ಇಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಹೇಳಿತು, ಆದರೆ ಕಲಿತ ಮಗುವೂ ಮುಳುಗಬಹುದು ಎಂದು ಜೊತೆಗೇ ಹೇಳಿತು. ಗಾಳಿಚೀಲ ಆಟಿಕೆ, ಬೇಕಾದರೆ ಕೋಸ್ಟ್ ಗಾರ್ಡ್ ಒಪ್ಪಿಗೆ ಮುದ್ರೆಯ ಲೈಫ್ ಜಾಕೆಟ್ಟು. ನಮ್ಮ ಅರಿಜೋನಾದಲ್ಲಿ ಆರು ವರ್ಷದೊಳಗಿನ ಮಕ್ಕಳಿರುವ ಮನೆಯ ಕೊಳಕ್ಕೆ ಐದಡಿ ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು ಬೇಕೆಂದು ಕಾನೂನಿದೆ. ಆದರೆ ಅಂದು ನಾವೆಲ್ಲ ತಟ್ಟೆ ಸಮೇತ ಬೇಲಿಯ ಒಳಗೇ ಇದ್ದೆವಲ್ಲ!

ಸರದಿಯ ಮೇಲೆ ಒಬ್ಬರು ಹದಿನೈದು ನಿಮಿಷ ಕೊಳವನ್ನೇ ನೋಡುತ್ತಿರಬೇಕು, ಫೋನಿಲ್ಲ, ಹರಟೆಯಿಲ್ಲ, ಕೊರಳಲ್ಲಿ ಒಂದು ಕಾರ್ಡು ಎಂಬ ಪದ್ಧತಿ ಇಲ್ಲಿನವರಲ್ಲಿದೆ. ಕೂಟದ ಹಳೆಯ ಬ್ಯಾಡ್ಜಿನ ದಾರಕ್ಕೆ ನಾವೂ ಒಂದು ರಟ್ಟು ಕಟ್ಟಿದೆವು. ಏನು ಬರೆಯುವುದು ಎಂದು ಯೋಚಿಸುತ್ತಿದ್ದಾಗ ಅಜ್ಜಿ "ನೀರುಗಂಟಿ ಅಂತ ಬರೀರಿ" ಎಂದರು. ಊರ ಕೆರೆಯ ತೂಬು ಕಾಯುತ್ತಿದ್ದವನ ಹೆಸರು.

ಮುಂದಿನ ವನಭೋಜನಕ್ಕೆ ಆ ರಟ್ಟನ್ನು ತರುತ್ತೇವೆ. ಮೊದಲ ಹದಿನೈದು ನಿಮಿಷ ನಮ್ಮದು. ಊಟದ ಹೊತ್ತಿನ ಸರದಿಗೆ ಮಾತ್ರ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.