ಮದುವೆಯೆಂಬ ಮದ್ದು

ಮದುವೆಯಾಗದೆ ಹುಚ್ಚು ಬಿಡೋಲ್ಲ, ಹುಚ್ಚು ಬಿಡದೆ ಮದುವೆಯಾಗೋಲ್ಲ ಎಂಬ ಗಾದೆಯಲ್ಲಿ ನಮ್ಮ ಹಿರಿಯರು ನಂಬಿದ್ದು ಮೊದಲರ್ಧವನ್ನು ಮಾತ್ರ. ಹುಡುಗ ಇಸ್ಪೀಟಾಡುತ್ತಾನೆಯೇ, ಒಂದು ಮದುವೆ ಮಾಡಿ. ಕೆಲಸದಲ್ಲಿ ನಿಲ್ಲೋಲ್ಲವೇ, ಮದುವೆ ಮಾಡಿ. ಹಿಮಾಲಯಕ್ಕೆ ಹೋಗಿ ಸನ್ಯಾಸಿಯಾಗುತ್ತೇನೆ ಅನ್ನುತ್ತಾನೆಯೇ, ತಡಮಾಡಬೇಡಿ, ಈ ಶ್ರಾವಣದಲ್ಲೇ ಮಾಡಿ ಮುಗಿಸಿ. ಇಂಥ ಸರ್ವರೋಗನಿವಾರಿಣಿ ಕೈಯಲ್ಲಿರುವ ಜನ, ಹುಡುಗರ ಮೇಲೇ ಮನಸ್ಸು ಹೋಗುವ ಹುಡುಗನಿಗೆ ಬೇರೆ ಏನನ್ನು ತಾನೇ ಬರೆದುಕೊಟ್ಟಾರು?

ನಮ್ಮ ಸೋದರತ್ತೆ ಇರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಸಲಿಂಗಕಾಮ ಅಪರಾಧವಲ್ಲ ಎಂದರಲ್ಲ, ಆ ವಾರ ಅವನು ಅಮ್ಮನಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿಬಿಟ್ಟ. ಆ ಸಂಭಾಷಣೆಯನ್ನು ನನ್ನ ಮುಂದೆ ಎರಡೂ ದನಿಯಲ್ಲಿ ಅಭಿನಯಿಸಿ ತೋರಿಸಿದ್ದಾನೆ.

"ಅಮ್ಮಾ, ನಾನೊಬ್ಬನನ್ನ ಇಷ್ಟಪಟ್ಟಿದೀನಿ."

"ನಮ್ಮವರಾ?"

"ಅಮ್ಮಾ, ಹುಡುಗ."

"ಅದು ಕೇಳಿಸ್ತು ಕಣಪ್ಪ. ನಮ್ಮವರಾ ಅಂದೆ."

ಅಲ್ಲ ಅಂದ. ಆಗ ಅತ್ತೆ ಅತ್ತರು. ಯಾವುದಕ್ಕೆ ಅತ್ತದ್ದು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ನಗಬೇಡಿ. 2015ರಲ್ಲಿ ಮುಂಬಯಿಯ ಪದ್ಮಾ ಅಯ್ಯರ್ ತಮ್ಮ ಮಗ ಹರೀಶನಿಗೆ ವರ ಬೇಕೆಂದು 'ಮಿಡ್-ಡೇ' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ವರ ಸಸ್ಯಾಹಾರಿಯಾಗಿರಬೇಕು, ಪ್ರಾಣಿಗಳನ್ನು ಕಂಡರೆ ಅಕ್ಕರೆ ಇರಬೇಕು, ಜಾತಿ ಯಾವುದಾದರೂ ಅಡ್ಡಿಯಿಲ್ಲ, ಆದರೂ ಅಯ್ಯರ್ ಆದರೆ ಮೇಲು. ಆ ಕೊನೆಯ ಮಾತಿನ ಮೇಲೆ ದೇಶವೆಲ್ಲ ಗದ್ದಲವಾಯಿತು. ನನಗೆ ಮಾತ್ರ ಅದನ್ನೋದಿ ಏನೋ ಸಮಾಧಾನ. ಮಗ ಯಾರನ್ನೇ ಬಯಸಲಿ, ಅಮ್ಮಂದಿರು ಅಮ್ಮಂದಿರೇ.

ಕಾನೂನಿನ ಕಥೆ ಇದಕ್ಕಿಂತ ತಮಾಷೆ. 1860ರಲ್ಲಿ ಬ್ರಿಟಿಷರು ದಂಡಸಂಹಿತೆಯ 377ನೇ ಕಲಮಿನಲ್ಲಿ ಇಂಥದ್ದು ಪ್ರಕೃತಿಗೆ ವಿರುದ್ಧ ಎಂದು ಬರೆದಿಟ್ಟುಹೋದರು. ಅದರ ಕರಡು ಬರೆದ ಮೆಕಾಲೆಯ ಹೆಸರನ್ನೇ ಕೇಳದ ನಮ್ಮಜ್ಜ ಅದು ಮನುವಿನ ಕಾಲದಿಂದ ಬಂದ ಮಾತೆಂಬಂತೆ ಹೇಳುತ್ತಿದ್ದರು. 2009ರಲ್ಲಿ ದೆಹಲಿ ಹೈಕೋರ್ಟು ಅಪರಾಧವಲ್ಲ ಅಂದಿತು, 2013ರಲ್ಲಿ ಸುಪ್ರೀಂ ಕೋರ್ಟು ಹೌದು ಅಂದಿತು, 2018ರಲ್ಲಿ ಅಲ್ಲ ಅಂದಿತು. ನಮ್ಮತ್ತೆಯ ಮಗ ಪಿ.ಜಿ.ಯ ಉಪ್ಪಿಟ್ಟು ತಿನ್ನುತ್ತ ಕೂತ ಕಡೆಯೇ ನಿರಪರಾಧಿಯಾಗಿ, ಅಪರಾಧಿಯಾಗಿ, ಮತ್ತೆ ನಿರಪರಾಧಿಯಾದ.

ಆಮೇಲೆ ಅವನೂ ಅವನು ಮೆಚ್ಚಿದ ಹುಡುಗನೂ ಜಯನಗರದಲ್ಲಿ ಮನೆ ಮಾಡಿದರು. ಬಾಡಿಗೆಗೆ ಮನೆ ಕೊಡುವಾಗ ಓನರು ಬೆರಳೆತ್ತಿ ಹಾಕಿದ ಷರತ್ತು ಒಂದೇ: ಹುಡುಗಿಯರನ್ನು ಕರಕೊಂಡು ಬರಕೂಡದು. ಇಬ್ಬರೂ ತುಂಬುಹೃದಯದಿಂದ ಒಪ್ಪಿದರು. ಇಂಥ ಸಂಭಾವಿತ ಹುಡುಗರು ಈ ಕಾಲದಲ್ಲಿ ಸಿಗೋಲ್ಲ ಅಂತ ಓನರು ಈಗಲೂ ನಾಲ್ಕು ಜನರ ಮುಂದೆ ಹೊಗಳುತ್ತಾರೆ.

ಗಣಿತದ ಶಕುಂತಲಾದೇವಿ ನಮ್ಮ ಬೆಂಗಳೂರಿನವರು. 1977ರಷ್ಟು ಹಿಂದೆಯೇ ಸಲಿಂಗಿಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದು, ಕನಿಕರ ಸಾಲದು, ಸಹಿಸಿಕೊಂಡರೆ ಸಾಲದು, ಪೂರ್ತಿ ಒಪ್ಪಿಕೊಳ್ಳಿ ಎಂದು ವಾದಿಸಿದ್ದರು. ನಾವು ಅವರ ಗುಣಾಕಾರವನ್ನು ಇಟ್ಟುಕೊಂಡು ಆ ಪುಸ್ತಕವನ್ನು ಬಿಟ್ಟೆವು. ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂತು. ಸಲಿಂಗಿ ಹುಡುಗನ ಅಚ್ಚಗನ್ನಡದ ಕತೆಗಳು, ಅತ್ತೆಗೆ ಅರ್ಥವಾಗಲಿ ಅಂತ ನಾನೇ ಕೊಟ್ಟುಬಂದೆ. ಪುಸ್ತಕ ವಾಪಸ್ಸು ಬರುವಾಗ ಅದಕ್ಕೆ ರಾಘವೇಂದ್ರಸ್ವಾಮಿಗಳ ಕ್ಯಾಲೆಂಡರಿನ ರಟ್ಟು ಹಾಕಿತ್ತು. ಪೂರ್ತಿ ಓದಿದ್ದರು, ಕೆಲವು ಕಡೆ ಕಣ್ಣೀರೂ ಹಾಕಿದ್ದರು. "ಎಷ್ಟು ಚೆನ್ನಾಗಿ ಬರೆದಿದಾರೆ ಕಣೋ. ಪಾಪ, ಆ ಹುಡುಗನಿಗೆ ಹೊತ್ತಿಗೆ ಸರಿಯಾಗಿ ಒಂದು ಮದುವೆ ಮಾಡಬೇಕಿತ್ತು" ಅಂದರು.

ಈ ಮದ್ದಿನ ಗುಣವನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೇನೆ. ಅರಸೀಕೆರೆ ಹತ್ತಿರದ ನಮ್ಮೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರೂ ಪೋಸ್ಟ್ ಮಾಸ್ತರೂ ಒಂದೇ ಮನೆಯಲ್ಲಿದ್ದರು. ಸಂಜೆ ಇಬ್ಬರೂ ಕೆರೆ ಏರಿಯ ಮೇಲೆ ಹೋಗಿಬರೋರು. ಒಬ್ಬರ ಕೈಯಲ್ಲಿ ಕೊಡೆ, ಇನ್ನೊಬ್ಬರ ಕೈಯಲ್ಲಿ ಟ್ರಾನ್ಸಿಸ್ಟರು. ಯಾರ ಮನೆಯ ಮದುವೆಯಾದರೂ ಇಬ್ಬರಿಗೂ ಸೇರಿ ಒಂದೇ ಲಗ್ನಪತ್ರಿಕೆ, ಪಂಕ್ತಿಯಲ್ಲಿ ಪಕ್ಕಪಕ್ಕದ ಎಲೆ. ಮೇಷ್ಟ್ರಿಗೆ ಬದನೆಕಾಯಿ ಆಗದೆಂದು ಬಡಿಸುವವರಿಗೆ ಹೇಳುತ್ತಿದ್ದವರು ಪೋಸ್ಟ್ ಮಾಸ್ತರು. ಊರಿಗೆ ಎಷ್ಟು ಗೊತ್ತಿತ್ತೋ. ಗೊತ್ತಿದ್ದಷ್ಟನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಇದನ್ನು ಕೇಳಿದ ಈಗಿನ ಹುಡುಗರು, ಎಂಥ ಉದಾರ ಊರು ಸಾರ್ ನಿಮ್ಮದು ಅನ್ನುತ್ತಾರೆ. ಅಷ್ಟು ಬೇಗ ಹಾರ ಹಾಕಬೇಡಿ.

ಮೇಷ್ಟ್ರಿಗೆ ಹೆಂಡತಿ ಇದ್ದರು. ಕಡೂರಿನ ಕಡೆ, ಅತ್ತೆಮನೆಯಲ್ಲಿ, ಮೇಷ್ಟ್ರ ತಾಯಿಯನ್ನು ನೋಡಿಕೊಂಡು. ಮದುವೆಯಾದರೆ ಸರಿಹೋಗುತ್ತಾನೆ ಎಂದು ಹಿರಿಯರು ಹಿಡಿದು ಮಾಡಿದ ಮದುವೆ. ಗೌರಿಹಬ್ಬ ಕಳೆದ ಮೇಲೆ ಎರಡು ದಿನದ ಮಟ್ಟಿಗೆ ನಮ್ಮೂರಿಗೆ ಬರೋರು. ಆ ಎರಡು ದಿನ ಪೋಸ್ಟ್ ಮಾಸ್ತರು ಅಂಚೆ ಕಚೇರಿಯಲ್ಲೇ ಚಾಪೆ ಹಾಸೋರು. ಆಕೆ ನಮ್ಮ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಅಮ್ಮನ ಜೊತೆ ಹೂ ಕಟ್ಟುತ್ತಿದ್ದರು. ಹಾಡು ಬಹಳ ಚೆನ್ನಾಗಿ ಹೇಳೋರು. ಯಜಮಾನರು ಒಂದು ದಿನವೂ ಗದರಿದವರಲ್ಲ, ತಿಂಗಳು ತಪ್ಪದೆ ಮನಿಯಾರ್ಡರು ಬರುತ್ತೆ ಎಂದು, ಯಾರೂ ಕೇಳದಿದ್ದರೂ ತಾವಾಗಿ ಹೇಳೋರು. ಆ ಮನಿಯಾರ್ಡರಿಗೆ ಸೀಲು ಹೊಡೆದು ಕಳಿಸುತ್ತಿದ್ದವರು ಯಾರೆಂದು ನಾನು ಹೇಳಬೇಕಾಗಿಲ್ಲ.

ಊರಿನ ಹೆಂಗಸರು ಆಕೆಯನ್ನು ಕಂಡು 'ಹಣೆಬರಹ' ಅನ್ನುತ್ತಿದ್ದರು. ಬ್ರಹ್ಮನ ಮೇಲೆ ಸುಮ್ಮನೆ ಅಪವಾದ. ಬರೆದವರು ಮೇಷ್ಟ್ರ ಸೋದರಮಾವಂದಿರು, ಪುರೋಹಿತರನ್ನು ಕೂಡಿಸಿಕೊಂಡು, ಕಾಫಿ ಕುಡಿಯುತ್ತ, ಒಂದೇ ಮಧ್ಯಾಹ್ನದಲ್ಲಿ ಮೂರು ಹಣೆಗಳ ಮೇಲೆ.

ಹೋಗಲಿ, ಅದು ಆ ಕಾಲ. ಈ ಕಾಲದಲ್ಲಿ, 2023ರ ಅಕ್ಟೋಬರ್ 17ರಂದು, ಸಲಿಂಗಿಗಳ ಮದುವೆಗೆ ಮನ್ನಣೆ ಕೊಡುವುದು ತನ್ನ ಕೆಲಸವಲ್ಲ, ಕಾನೂನು ಮಾಡುವವರದು ಎಂದು ಸುಪ್ರೀಂ ಕೋರ್ಟು ಹೇಳಿತು. ಹಾಗಾಗಿ ಸದ್ಯಕ್ಕೆ ನಮ್ಮತ್ತೆಯ ಮಗ ತಾನು ಮೆಚ್ಚಿದವನೊಬ್ಬನನ್ನು ಬಿಟ್ಟು, ತಾನು ಮೆಚ್ಚದ ಯಾವ ಹುಡುಗಿಯನ್ನು ಬೇಕಾದರೂ ಮದುವೆಯಾಗಬಹುದು. ಅದಕ್ಕೆ ಕೋರ್ಟಿನ ಅಡ್ಡಿಯಿಲ್ಲ, ಅತ್ತೆಯದಂತೂ ಇಲ್ಲವೇ ಇಲ್ಲ.

ಅತ್ತೆ ಕೆಟ್ಟವರಲ್ಲ. ದಸರಾಕ್ಕೆ ಆ ಹುಡುಗನೂ ಜೊತೆಗೆ ಬರುತ್ತಾನೆ. ಹೊರಡುವಾಗ ಚಟ್ನಿಪುಡಿ ಎರಡು ಪೊಟ್ಟಣ ಕಟ್ಟಿಕೊಡುತ್ತಾರೆ, ಅವನದರಲ್ಲಿ ಖಾರ ಕಡಿಮೆ. ಅದೇ ಚೀಲದ ತಳದಲ್ಲಿ ಯಾವುದೋ ಹುಡುಗಿಯ ಜಾತಕವೂ ಇರುತ್ತದೆ. ಇದನ್ನೆಲ್ಲ ಬರೆಯಲೇ ಅಂತ ಅವನನ್ನು ಕೇಳಿದ್ದಕ್ಕೆ, "ಬರಿ ಮಾರಾಯ, ಜಾತಕ ಬರೋದಾದ್ರೂ ನಿಲ್ಲಲಿ" ಅಂದ.

ಆದ್ದರಿಂದ, ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಓದುಗರಲ್ಲಿ ಒಂದು ವಿನಂತಿ. ಮೈಸೂರಿನಿಂದ ಮಧುರವಾದ ದನಿಯ ಹೆಂಗಸೊಬ್ಬರು ಫೋನು ಮಾಡಿ, ಹುಡುಗ ಅಪರಂಜಿ, ಕುಡಿಯೋಲ್ಲ, ಸೇದೋಲ್ಲ, ಹೆಣ್ಣುಮಕ್ಕಳನ್ನು ಕಣ್ಣೆತ್ತಿಯೂ ನೋಡೋಲ್ಲ ಎಂದರೆ, ಅಷ್ಟೂ ನಿಜ. ದಯವಿಟ್ಟು ಜಾತಕ ಕೊಡಬೇಡಿ.