ಅಬ್ಬಾನ ಮಾತ್ರೆ, ನನ್ನ ಲೆಕ್ಕದ ಪುಸ್ತಕ

ನಮ್ಮ ಮನೆಮಾತು ಉರ್ದು. ವಿಮೆಗೆ ನಾವು ಬೀಮಾ ಅನ್ನುತ್ತೇವೆ, ಕಾಯಿಲೆಗೆ ಬೀಮಾರಿ. "ಬೀಮಾರಿ ಮನೆಯಲ್ಲೇ ಇದೆ, ಬೀಮಾ ಎಲ್ಲಿದೆ?" ಎಂದು ದಾದಿ ಆಗಾಗ ತಮಾಷೆ ಮಾಡುತ್ತಿದ್ದರು. ಕಳೆದ ವರ್ಷ ಅಬ್ಬಾಗೆ ಎದೆನೋವು ಬಂದಾಗ ಬೀಮಾ ಕೂಡ ಇದೆ ಎಂದು ನಮಗೆ ಗೊತ್ತಾಯಿತು.

ಅಬ್ಬಾ ವೆಲ್ಡಿಂಗ್ ಕೆಲಸ ಮಾಡುತ್ತಾರೆ. ಹೋದ ದಿನ ಮಾತ್ರ ಕೂಲಿ. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ಆಸ್ಪತ್ರೆಯ ಫಾರಂಗಳನ್ನೆಲ್ಲ ನಾನೇ ಓದಿ ಹೇಳಿದೆ. ಸ್ಟೆಂಟ್ ಹಾಕಿದರು. ಅದಕ್ಕೆ ನಮ್ಮಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

ಕಾಮರ್ಸ್ ವಿದ್ಯಾರ್ಥಿನಿಯಲ್ಲವೇ, ಮನೆಗೆ ಬಂದ ಮೇಲೆ ಒಂದು ನೋಟ್‌ಬುಕ್‌ನಲ್ಲಿ ಲೆಕ್ಕ ಬರೆಯತೊಡಗಿದೆ. ದಾಖಲಾಗುವ ಮೊದಲು ಹೊರಗೆ ಮಾಡಿಸಿದ ಪರೀಕ್ಷೆಗಳಿಗೆ 6,350. ಬಾಡಿಗೆ ಕಾರು, ಆಟೋ 2,400. ಜೊತೆಗಿದ್ದವರ ಊಟ, ಚಹಾ 3,100. ಮಾತ್ರೆಗೆ ತಿಂಗಳಿಗೆ 1,450, ನಾಲ್ಕು ತಿಂಗಳಿಗೆ 5,800. ಒಟ್ಟು 17,650. ಅಬ್ಬಾ ಮನೆಯಲ್ಲೇ ಇದ್ದ 45 ದಿನಗಳ ಕೂಲಿ, ದಿನಕ್ಕೆ 600ರಂತೆ 27,000. ಇದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಆದರೆ ಅಂಗಡಿಯ ಸಾಲದಲ್ಲಿ ಬಂತು. ಆಪಾಳ ಬಿ.ಎಡ್. ಶುಲ್ಕಕ್ಕೆಂದು ಅಮ್ಮಿ ಎತ್ತಿಟ್ಟಿದ್ದ 20,000 ರೂಪಾಯಿ ಚೀಟಿ ದುಡ್ಡು ಹೀಗೆ ಖಾಲಿಯಾಯಿತು. ಆಪಾ ಒಂದು ವರ್ಷ ಮನೆಯಲ್ಲಿ ಕೂತಳು.

ವ್ಯವಹಾರ ಅಧ್ಯಯನದಲ್ಲಿ ವಿಮೆಯ ನಷ್ಟ ಪರಿಹಾರ ತತ್ವ ಓದಿದ್ದೇವೆ. ನಷ್ಟಕ್ಕೆ ಮುಂಚೆ ಹೇಗಿದ್ದೆವೋ ಆ ಸ್ಥಿತಿಗೆ ತಂದು ನಿಲ್ಲಿಸುವುದು ಅದರ ಉದ್ದೇಶ. ಪರೀಕ್ಷೆಯಲ್ಲಿ ಬರೆಯಲು ಸುಲಭ.

ಹಾಗೆಂದು ಯೋಜನೆ ಬೇಡ ಎನ್ನುವವಳಲ್ಲ ನಾನು. ನಮ್ಮ ರಾಜ್ಯದಲ್ಲೇ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರದ ಜಿಲ್ಲೆಗಳಲ್ಲಿ ಜಾರಿಯಾಯಿತು. ಯೋಜನೆ ಬಂದಿದ್ದ 300 ಹಳ್ಳಿಗಳನ್ನೂ ಗಡಿಯ ಆಚೆಗಿದ್ದ, ಇನ್ನೂ ಬಂದಿರದ 272 ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ ನೋಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ, ಅಂದರೆ ಹೆಚ್ಚಾಗಿ ಹೃದ್ರೋಗ ಮತ್ತು ಕ್ಯಾನ್ಸರ್‌ನಿಂದ, ಬಡ ಕುಟುಂಬಗಳಲ್ಲಿ ಸತ್ತವರು ಒಂದು ಕಡೆ ಶೇ. 0.32, ಇನ್ನೊಂದು ಕಡೆ ಶೇ. 0.90. ನಡುವೆ ಇದ್ದದ್ದು ಒಂದು ಆಡಳಿತದ ಗೆರೆ. ಇದನ್ನು ಓದಿದ ರಾತ್ರಿ ನಾನು ಅಬ್ಬಾ ಮಲಗಿರುವುದನ್ನು ಸುಮ್ಮನೆ ನೋಡುತ್ತಾ ಕೂತಿದ್ದೆ.

ಐದನೇ ತಿಂಗಳ ಲೆಕ್ಕದಲ್ಲಿ ಮಾತ್ರೆಯ ಖರ್ಚು 725ಕ್ಕೆ ಇಳಿದಿತ್ತು. ಸರಿಯಾಗಿ ಅರ್ಧ.

"ಅಬ್ಬಾ, ಮಾತ್ರೆ ಯಾಕೆ ಕಡಿಮೆ ತಂದಿದ್ದೀರಿ?"

"ಈಗ ಆರಾಮಿದ್ದೀನಲ್ಲ ಬೇಟಿ. ದಿನ ಬಿಟ್ಟು ದಿನ ತಗೊಂಡ್ರೆ ಸಾಕು. ಆಪಾ ಫೀಸಿಗೂ ಆಗುತ್ತೆ."

ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬಿಟ್ಟರೆ ಸ್ಟೆಂಟೇ ಮುಚ್ಚಿಹೋಗಬಹುದು. ಲಕ್ಷಗಟ್ಟಲೆ ಚಿಕಿತ್ಸೆಗೆ ಕಾರ್ಡ್ ಇತ್ತು, 725 ರೂಪಾಯಿಗೆ ಇರಲಿಲ್ಲ. ಯೋಜನೆ ಇರುವುದು ಆಸ್ಪತ್ರೆಯಲ್ಲಿ ದಾಖಲಾದವರಿಗೆ. ತಿಂಗಳು ತಿಂಗಳು ಹೊರಗೆ ಕೊಳ್ಳುವ ಔಷಧಿ ನಮ್ಮ ಜೇಬಿನದ್ದು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಹೀಗೆ ಕೈಯಿಂದ ಕೊಡುವ ಪಾಲು 2013–14ರಲ್ಲಿ ಶೇ. 64.2 ಇತ್ತು, 2021–22ರ ಹೊತ್ತಿಗೆ ಶೇ. 39.4ಕ್ಕೆ ಇಳಿಯಿತು ಎನ್ನುತ್ತದೆ ಸರ್ಕಾರದ ಲೆಕ್ಕ. ಇಳಿದದ್ದು ನಿಜ. ಆದರೂ ನೂರರಲ್ಲಿ ಮೂವತ್ತೊಂಬತ್ತು.

1970ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಒಂದು ಪ್ರಯೋಗ ಶುರುಮಾಡಿತ್ತು. ಕೆಲವು ಕುಟುಂಬಗಳಿಗೆ ಪೂರ್ತಿ ಉಚಿತ ಚಿಕಿತ್ಸೆ, ಉಳಿದವರಿಗೆ ಸ್ವಲ್ಪ ಪಾಲು ಸ್ವಂತದ್ದು. ದುಡ್ಡು ಕೊಡಬೇಕಾದವರು ಬೇಡದ ಚಿಕಿತ್ಸೆಯನ್ನು ಮಾತ್ರ ಬಿಡಲಿಲ್ಲ, ಬೇಕಾದದ್ದನ್ನೂ ಬಿಟ್ಟರು. ನಮ್ಮ ಅಬ್ಬಾನ ಹಾಗೆ.

ಈಗ ಎರಡು ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತಿವೆ. ಅಮ್ಮಿ ಬೀಡಿ ಕಟ್ಟುವುದನ್ನು ಅರ್ಧ ದಿನ ಬಿಟ್ಟು ಸಾಲಿನಲ್ಲಿ ನಿಲ್ಲುತ್ತಾರೆ. ಅದನ್ನೂ ಬರೆದಿಟ್ಟಿದ್ದೇನೆ. ಉಳಿದ ಮಾತ್ರೆ ಕೊಳ್ಳುತ್ತೇವೆ, ಭಾನುವಾರ ನಾನು ಸ್ಟ್ರಿಪ್ ಎಣಿಸುತ್ತೇನೆ. ಅಬ್ಬಾಗೆ ಇದು ಇಷ್ಟವಿಲ್ಲ, ಆದರೂ ತಂದು ತೋರಿಸುತ್ತಾರೆ. ಆಪಾ ಈ ವರ್ಷ ಬಿ.ಎಡ್.ಗೆ ಅರ್ಜಿ ಹಾಕಿದ್ದಾಳೆ.

ನಿಮ್ಮ ಮನೆಯಲ್ಲಿ ಇನ್ನೂ ಕಾರ್ಡ್ ಮಾಡಿಸಿಲ್ಲವಾದರೆ ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಬನ್ನಿ. ಊಟದ ಬಿಡುವಿನಲ್ಲಿ ನಾನು ಲೈಬ್ರರಿಯಲ್ಲಿ ಇರುತ್ತೇನೆ, ಏನೇನು ಬೇಕೆಂದು ಹೇಳುತ್ತೇನೆ.