ನೆಲದಡಿಯಿಂದ ಎದ್ದವರು

ಸುಮಾರು 1100ನೇ ಇಸವಿಯ ಒಂದು ರಾತ್ರಿ. ಇಂದಿನ ನ್ಯೂ ಮೆಕ್ಸಿಕೋದ ಚಾಕೋ ಕಣಿವೆ. ನೂರಾರು ಕೋಣೆಗಳ ಪ್ಯುಬ್ಲೊ ಬೊನಿಟೊವನ್ನು ಹಿಂದೆ ಬಿಟ್ಟು, ಹಳ್ಳ ದಾಟಿ, ತೆಂಕಣ ದಿಬ್ಬ ಹತ್ತುತ್ತಿದ್ದೀರಿ. ಮೇಲಿರುವುದು ಕಾಸಾ ರಿಂಕೊನಾಡಾ. (ಈ ಸ್ಪ್ಯಾನಿಷ್ ಹೆಸರುಗಳೆಲ್ಲ ಎಷ್ಟೋ ಶತಮಾನದ ನಂತರ ಅಂಟಿದವು, ನಿಮ್ಮ ಬಾಯಲ್ಲಿ ಬೇರೆಯದೇ ಹೆಸರಿದೆ.)

ಉತ್ತರದ ಮುಂಗೋಣೆ ಹೊಕ್ಕರೆ ಎದುರಿಗೊಂದು ಬಾಗಿಲು. ಭುಜದ ಮಟ್ಟದಲ್ಲಿ ಅಗಲ, ಕಾಲ ಬಳಿ ಇಕ್ಕಟ್ಟು. ಎಲ್ಲಿ ಹೆಜ್ಜೆಯಿಡಬೇಕೆಂದು ಅದೇ ಹೇಳುತ್ತದೆ. ಮೆಟ್ಟಿಲಿಳಿದು ಮುಗಿಯುವಷ್ಟರಲ್ಲಿ ಗೋಡೆ ಎರಡೂ ಕಡೆಗೆ ದೂರ ಸರಿಯುತ್ತದೆ: 19 ಮೀಟರಿಗೂ ಅಗಲವಾದ ದುಂಡನೆಯ ನೆಲ, ನಾಲ್ಕು ಭಾರಿ ಕಂಬಗಳ ಮೇಲೆ ಚಾವಣಿ. ಇದು ಮಹಾಕಿವಾ, ಎಂದರೆ ಜನ ಕೂಡಿ ಆಚರಣೆ ನಡೆಸುವ, ನೆಲದೊಳಗೆ ಇಳಿಸಿ ಕಟ್ಟಿದ ದೊಡ್ಡ ದುಂಡುಮನೆ. ಈ ಬೋಳು ಕಣಿವೆಯಲ್ಲಿ ಅಂಥ ಮರ ಎಲ್ಲಿಯದು? ದೊಡ್ಡ ಕಟ್ಟಡಗಳ ತೊಲೆಗಳನ್ನು ಚಸ್ಕಾ, ಝೂನಿ ಬೆಟ್ಟಗಳಿಂದ ಸುಮಾರು 75 ಕಿಲೋಮೀಟರ್ ತಂದರು. ಗಾಡಿಯಿಲ್ಲ, ಎತ್ತಿಲ್ಲ. ಹೊತ್ತ ಹೆಗಲುಗಳಲ್ಲಿ ನಿಮ್ಮದೂ ಒಂದಿರಬಹುದು.

ಗೋಡೆಯುದ್ದದ ಕಲ್ಲುಜಗಲಿಯಲ್ಲಿ ಕೂರುತ್ತೀರಿ. ದುಂಡಗಿನ ಮನೆಗೆ ಮುಂದಿನ ಸಾಲಿಲ್ಲ, ಹಿಂದಿನ ಸಾಲಿಲ್ಲ. ಬೆಂಕಿಯಾಚೆ ಕೂತವರ ಮುಖ ನಿಮಗೆ, ನಿಮ್ಮದು ಅವರಿಗೆ. ತಲೆಯ ಹಿಂದೆ ಗೋಡೆಯಲ್ಲಿ 28 ಗೂಡುಗಳು. ಬಂದ ಬಾಗಿಲನ್ನೇ ಎಲ್ಲರೂ ನೋಡುತ್ತಿದ್ದಾರೆ, ಬರಬೇಕಾದವರು ಅಲ್ಲಿಂದಲೇ ಬರಬೇಕಲ್ಲ.

ಅಷ್ಟರಲ್ಲಿ ಜಗಲಿ ಅದುರುತ್ತದೆ. ನೆಲದ ಎರಡು ಟೊಳ್ಳು ತೊಟ್ಟಿಗಳಿಗೆ ಹಲಗೆ ಹೊದಿಸಿದ್ದಾರೆ. ಅದರ ಮೇಲೆ ಕುಣಿವ ಪಾದಗಳ ಸದ್ದು ಕಿವಿಗಿಂತ ಮೊದಲು ಬೆನ್ನೆಲುಬಿಗೆ ಮುಟ್ಟುತ್ತದೆ. (ತೊಟ್ಟಿಗಳು ಕಾಲ್ನಗಾರಿಗಳೆಂಬುದು ಹಲವು ಪುರಾತತ್ವಜ್ಞರ ಊಹೆ. ನನಗೆ ಒಪ್ಪಿಗೆ.) ಮರುಕ್ಷಣ, ಬಾಗಿಲಿಂದಲ್ಲ, ನೆಲದ ನಡುವಿನ ಮರೆಯೊಂದರೊಳಗಿಂದ ವೇಷಧಾರಿಗಳು ಮೇಲೇಳುತ್ತಾರೆ. ತಮ್ಮ ಹಿರಿಯರು ಭೂಮಿಯ ಕೆಳಗಿನ ಲೋಕಗಳಿಂದ ಹತ್ತಿ ಬಂದರೆಂದು ಈ ನಾಡಿನ ಮೂಲನಿವಾಸಿಗಳಾದ ಪ್ಯುಬ್ಲೊ ಜನ ಇಂದಿಗೂ ಹೇಳುತ್ತಾರೆ. ಆ ಕಥೆ ನಿಮ್ಮ ಕಣ್ಣೆದುರೇ ನಡೆದಿದೆ. ಮುಂಗೋಣೆಯಿಂದ ಹೊರಟು ಮೆಟ್ಟಿಲ ಅಡಿಯಲ್ಲೇ ಹಾದುಬಂದ ಕಿರುಸುರಂಗದ ಮೇಲೆ ಈಗಷ್ಟೇ ನಡೆದು ಬಂದದ್ದು ನಿಮಗೆ ತಿಳಿಯದು.

ಈ ಮಹಾಕಿವಾವನ್ನು 1930ರ ದಶಕದಲ್ಲಿ ಉತ್ಖನನ ಮಾಡಿ, ಗೋಡೆ ದುರಸ್ತಿ ಮಾಡಿದರು. ಈಗ ಜೂನ್ ಅಯನ ಸಂಕ್ರಾಂತಿಯ ಮುಂಜಾನೆ ಗೋಡೆಯ ಕಿಂಡಿಯೊಂದರಿಂದ ಬಿಸಿಲು ಒಂದು ಗೂಡಿಗೆ ಬೀಳುವುದನ್ನು ನೋಡಲು ಜನ ಬರುತ್ತಾರೆ. ಆದರೆ ಕಿಂಡಿಯ ಭಾಗ ದುರಸ್ತಿಯದು. ಚಾವಣಿಯಿದ್ದಾಗ ಕಂಬವೇ ಆ ಬೆಳಕಿಗೆ ಅಡ್ಡ ನಿಂತಿರಬಹುದು. ಒಳಗಿಳಿಯಲು ಇಂದು ಪ್ರವಾಸಿಗರಿಗೆ ಅನುಮತಿಯಿಲ್ಲ. ಅಂಚಿನಿಂದ ಬಗ್ಗಿದರೆ ಸುರಂಗ, ತೊಟ್ಟಿ, ಕಂಬದ ಗುಂಡಿ ಎಲ್ಲವೂ ಬಟಾಬಯಲು. ಜಗಲಿಯ ಮೇಲೆ ಕೂತವರಿಗೆ ಎಂದೂ ಸಿಗದ ನೋಟ ಅದು.